ನಿರ್ವಸಿತರ ಆಶ್ರಯವೂ ದಾಸೋಹಧರ್ಮವೂ



ಹಸಿದು ಬಂದವನಿಗೆ ಅನ್ನವಿಕ್ಕುವುದು ಮಠಮಾನ್ಯಗಳಿಗೆ ಹೊಸತಾಗಿ ಬೋಧಿಸಬೇಕಾದ ವಿಷಯವಲ್ಲ. ಆದರೆ ಯುದ್ಧದಿಂದಲೋ ಕಲಹದಿಂದಲೋ ಮನೆಮಾರುಗಳನ್ನು ನೀಗಿಕೊಂಡು ಬಂದವನು ಕೇವಲ ಹಸಿದವನಲ್ಲ, ಒಲೆಯನ್ನೇ ಕಳೆದುಕೊಂಡವನು. ಒಂದು ಹೊತ್ತಿನ ಪಂಕ್ತಿಯಿಂದ ಹಸಿವು ಅಡಗೀತು. ಒಲೆ ಹೊತ್ತದೆ ಸಂಸಾರವು ನಿಲ್ಲದು. ಈ ಭೇದವನ್ನು ವಿಚಾರಿಸುವುದೇ ಪ್ರಕೃತ ಉಪನ್ಯಾಸದ ಉದ್ದೇಶವು.

ಇದಕ್ಕೆ ದೃಷ್ಟಾಂತವನ್ನು ದೂರದೇಶಗಳಲ್ಲಿ ಹುಡುಕಬೇಕಾದುದಿಲ್ಲ. 1791ನೆಯ ಇಸವಿಯ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟು, ಚನ್ನಪಟ್ಟಣದ ಹೆದ್ದಾರಿಯನ್ನು ಬಿಟ್ಟು ಕಾನಕಾನಹಳ್ಳಿಯ ದಾರಿಯನ್ನು ಹಿಡಿಯಿತು. ಶತ್ರುವಿಗೆ ಕಾಳೂ ಮೇವೂ ದೊರೆಯಬಾರದೆಂದು ಟಿಪ್ಪೂ ಸುಲ್ತಾನನು ದಾರಿಯ ಪ್ರದೇಶವನ್ನು ಹಾಳುಗೆಡವಿಸಿದನು. ಇಂದು ಕನಕಪುರವೆನಿಸಿರುವ ಕಾನಕಾನಹಳ್ಳಿಯೂ ಆ ಯುದ್ಧದಲ್ಲಿ ನಾಶಹೊಂದಿತು. ಅದೇ ವರ್ಷದ ಡಿಸೆಂಬರ್ 21ರಂದು ಮಾಗಡಿಯ ಬಳಿಯ ಸಾವನದುರ್ಗವೂ, ತರುವಾಯ ರಾಮಗಿರಿಯೂ ಆಂಗ್ಲರ ವಶವಾದುವು. ಒಂದು ಸೈನ್ಯವು ಮುಂದೊತ್ತಿ ಬರುತ್ತಿದ್ದಿತು; ಇನ್ನೊಂದು ಅದನ್ನು ತಡೆಯುತ್ತಿದ್ದಿತು. ನಡುವೆ ಸಿಕ್ಕಿದ ಒಕ್ಕಲಿಗೆ ಹಗೆಯ ಬೆಂಕಿಯೂ ಒಂದೇ, ತನ್ನ ಅರಸನ ಬೆಂಕಿಯೂ ಒಂದೇ. ಆದುದರಿಂದ ನಿರ್ವಸಿತನನ್ನು “ನೀನು ಯಾರ ಪಕ್ಷದವನು?” ಎಂದು ಕೇಳುವುದು ಧರ್ಮವಲ್ಲ.

ಅಂತಹ ಕಾಲದಲ್ಲಿ ಒಕ್ಕಲು ಕಳೆದುಕೊಳ್ಳುವುದೇನು? ಈ ಸೀಮೆಯ ಆಹಾರವು ರಾಗಿ. ಹಗೇವಿನಲ್ಲಿ ತುಂಬಿದ ರಾಗಿಯನ್ನು ತಲೆಯ ಮೇಲೆ ಹೊತ್ತು ಓಡಲಾಗದು. ಬೀಸುವ ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಳ್ಳಲಾಗದು. ಪರವೂರಿನಲ್ಲಿ ಪುಣ್ಯಾತ್ಮನೊಬ್ಬನು ನಾಲ್ಕು ಸೇರು ರಾಗಿಯನ್ನು ಸೆರಗಿಗೆ ಸುರಿದರೂ, ಬೀಸಲು ಕಲ್ಲಿಲ್ಲ, ಬೇಯಿಸಲು ಮಡಕೆಯಿಲ್ಲ, ಉರಿಸಲು ಸೌದೆಯಿಲ್ಲ. ಕೊಟ್ಟವನಿಗೆ ಪುಣ್ಯ ಬಂದಿತು. ಮಗುವಿಗೆ ಅಂಬಲಿ ಬರಲಿಲ್ಲ.

ಊರು ಪಾಳುಬೀಳುವುದು ದಿನಗಳ ಕೆಲಸ. ನೆಲೆಗೊಳ್ಳುವುದು ವರ್ಷಗಳ ಕೆಲಸ. ದಿವಾನ್ ಪೂರ್ಣಯ್ಯನವರು ಕಾಡುಬೆಳೆದ ಪ್ರದೇಶದಲ್ಲಿ ಜನರನ್ನು ನೆಲೆಗೊಳಿಸಿ ಹೆದ್ದಾರಿಗೆ ರಕ್ಷಣೆಯನ್ನು ಕಲ್ಪಿಸುವುದಕ್ಕೋಸ್ಕರ 1800ರಲ್ಲಿ ಪಟ್ಟಣವೊಂದನ್ನು ಕಟ್ಟಿಸಿದರು. ಸರ್ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯೆನಿಸಿದ್ದ ಆ ಊರೇ ಇಂದಿನ ರಾಮನಗರ.

ಇತ್ತೀಚಿನ ಶತಮಾನದ ದೃಷ್ಟಾಂತವೂ ಕನ್ನಡನಾಡಿನಲ್ಲಿಯೇ ಉಂಟು. 1959ರಲ್ಲಿ ಟಿಬೆಟ್ಟಿನಿಂದ ಹೊರಟುಬಂದ ನಿರಾಶ್ರಿತರಿಗೆ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಭೂಮಿಯನ್ನು ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡವು ಬಂದಿಳಿಯಿತು. 1974ರಲ್ಲಿ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿಯೂ ನೆಲೆಯಾಯಿತು. ಬೈಲಕುಪ್ಪೆಗೆ ಬಂದವರು ಮೊದಲು ಡೇರೆಗಳಲ್ಲಿದ್ದು, ಕಾಡನ್ನು ಕಡಿದು, ಮುಸುಕಿನ ಜೋಳವನ್ನು ಬೆಳೆದರು. ಅವರನ್ನು ನಿಲ್ಲಿಸಿದುದು ನಿತ್ಯದ ಭಿಕ್ಷಾನ್ನವಲ್ಲ. ನೆಲ, ಸೂರು, ದುಡಿಮೆ.

2024ರ ಅಂತ್ಯಕ್ಕೆ ಲೋಕದಲ್ಲಿ ಹೀಗೆ ನೆಲೆತಪ್ಪಿದವರು 12 ಕೋಟಿಗೂ ಮೇಲ್ಪಟ್ಟಿದ್ದರು. ಅಂತಹವರಿಗೆ ಆಶ್ರಯವನ್ನು ಕೊಡುವ ಕ್ರಮವನ್ನು ಬಲ್ಲವರು ಲೆಕ್ಕಹಾಕಿ ನಿಶ್ಚಯಿಸಿದ್ದಾರೆ: ತಲೆಯೊಂದಕ್ಕೆ ಕನಿಷ್ಠಪಕ್ಷ 3.5 ಚದರ ಮೀಟರು ಸೂರಿನ ನೆಲ, ದಿನಕ್ಕೆ 15 ಲೀಟರು ನೀರು. ಸಂಸಾರವೊಂದಕ್ಕೆ ಮುಚ್ಚಳವುಳ್ಳ ಎರಡು ಪಾತ್ರೆ, ಸೌಟು, ಚಾಕು, ಬೋಗುಣಿ. ಪ್ರತಿಯೊಬ್ಬನಿಗೂ ತಟ್ಟೆ, ಲೋಟ, ಹೊದಿಕೆ. ಮಠದ ಪಡಸಾಲೆಯಲ್ಲಿ ನೂರು ಜನರನ್ನು ಸಾಲಾಗಿ ಮಲಗಿಸಿದ ಮಾತ್ರಕ್ಕೆ ಆಶ್ರಯವಾಗದು. ಸಂಸಾರವನ್ನು ಒಡೆಯದೆ ಒಂದೆಡೆ ಇರಿಸಬೇಕು, ಸ್ತ್ರೀಯರಿಗೆ ಮರೆಯನ್ನು ಕಟ್ಟಿಸಬೇಕು, ರಾತ್ರಿ ದೀಪವಿರಬೇಕು.

ಭಕ್ತಮಹಾಶಯರೇ, ಉತ್ಸವದ ಪಂಕ್ತಿಗೆ ಅಕ್ಕಿಮೂಟೆಯನ್ನು ಸಲ್ಲಿಸುವವರು ಬಹುಮಂದಿ; ಅಪರಿಚಿತನ ಒಲೆಗೆ ಪಾತ್ರೆಯನ್ನು ಕೊಡುವವರು ವಿರಳ. ಪಂಕ್ತಿಯಲ್ಲಿ ದಾನಿಯ ಹೆಸರನ್ನು ಕೂಗುತ್ತಾರೆ. ಪಾತ್ರೆಯಾದರೋ ಗುಡಿಸಲೊಳಗೆ ಹೋಗಿ ಮಸಿಹಿಡಿಯುತ್ತದೆ. ಆದರೆ ದಾಸೋಹವೆಂದರೆ ಕೊಡುವವನ ಅಹಂಕಾರವು ಕರಗುವುದಲ್ಲವೇ? ಪಂಕ್ತಿಯಲ್ಲಿ ಕುಳಿತಷ್ಟು ಕಾಲವೂ ನಿರಾಶ್ರಿತನು ಅತಿಥಿ. ತನ್ನ ಒಲೆಯಲ್ಲಿ ಬೇಯಿಸಿದ ಮುದ್ದೆಯನ್ನು ತನ್ನ ಬಾಗಿಲಿಗೆ ಬಂದವನಿಗೆ ಇಕ್ಕಿದ ದಿನವೇ ಅವನು ಮರಳಿ ಗೃಹಸ್ಥನು. ಅವನನ್ನು ದಾಸೋಹಿಯನ್ನಾಗಿ ಮಾಡುವ ದಾನವೇ ಪೂರ್ಣವಾದ ದಾಸೋಹವು.

ಕಾಲವು ಕೆಟ್ಟಾಗ ಕೊಳ್ಳಲು ಹೊರಟರೆ ಸಾಮಗ್ರಿ ದೊರೆಯದು. ಆದಕಾರಣ ಈ ಮಹೋತ್ಸವದ ಸ್ಮರಣಾರ್ಥವಾಗಿ ಮಠದ ಉಗ್ರಾಣದಲ್ಲಿ ಐವತ್ತು ಸಂಸಾರಗಳಿಗೆ ಸಾಕಾಗುವಷ್ಟು ಪಾತ್ರೆ, ಚಾಪೆ, ಹೊದಿಕೆಗಳನ್ನು ಶೇಖರಿಸಿಡುವುದು ಯುಕ್ತವು. ಅವು ಎಂದೆಂದಿಗೂ ಉಪಯೋಗಕ್ಕೆ ಬಾರದಿರಲಿ. ಬಂದ ದಿನ ಕೊರತೆಯಾಗದಿರಲಿ. ಸರ್ವರಿಗೂ ಮಂಗಳವಾಗಲಿ.