ಗಿಳಿಹಸಿರು ಸೀರೆ

(ಸಮಸ್ತ ಮೃತ ವಿಶ್ವಾಸಿಗಳ ಸ್ಮರಣೆಯ ದಿನವಾದ ನವೆಂಬರ್ 2ರಂದು ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ನಿನ್ನೆ ನಮ್ಮ ಬೆಳಗಾವಿ ಯಾವ ಬಣ್ಣದಲ್ಲಿತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ಚನ್ನಮ್ಮ ವೃತ್ತದ ಕಡೆ ಹೋದವರಿಗೆಲ್ಲ ಕಣ್ಣು ತುಂಬ ಹಳದಿ, ಕೆಂಪು. ರಾಜ್ಯೋತ್ಸವದ ಮೆರವಣಿಗೆ ಮುಗಿಸಿ ಬಂದ ಕೆಲವು ಹುಡುಗರ ಕೊರಳಲ್ಲಿ ಆ ಶಲ್ಯ ಇನ್ನೂ ಇದೆ, ನನಗೆ ಇಲ್ಲಿಂದಲೇ ಕಾಣುತ್ತಿದೆ. ನಿನ್ನೆಯೇ ಸಕಲ ಸಂತರ ಹಬ್ಬಕ್ಕೆ ನಾನು ಬಿಳಿ ಪೂಜಾವಸ್ತ್ರ ಧರಿಸಿದ್ದೆ. ಇವತ್ತು ನೇರಳೆ. ಬೆಳಿಗ್ಗೆ ಇದನ್ನು ತೊಡುವಾಗ ಪೂಜೆಗೆ ನೆರವಾಗುವ ಹುಡುಗನೊಬ್ಬ, "ಫಾದರ್, ಇದು ಅಳೂ ಬಣ್ಣ ಏನ್ರಿ?" ಎಂದು ಕೇಳಿದ. ಸಣ್ಣ ಪ್ರಶ್ನೆ. ಆದರೆ ಇಂಥದೇ ಪ್ರಶ್ನೆಗೆ ಹಿಂದೊಮ್ಮೆ ತಪ್ಪು ಉತ್ತರ ಕೊಟ್ಟವನು ನಾನು. ಆ ಕಥೆಯನ್ನು ಇವತ್ತು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಶಿವಬಸವ ನಗರದಲ್ಲಿ ಒಂದು ಮನೆ. ಯಜಮಾನರು ತೀರಿಕೊಂಡು ಒಂದು ತಿಂಗಳಾಗಿತ್ತು, ಪ್ರಾರ್ಥನೆಗೆಂದು ಹೋಗಿದ್ದೆ. ಎಲ್ಲರೂ ಎದ್ದು ಹೋದ ಮೇಲೆ ಆ ತಾಯಿ ಒಳಗಿನಿಂದ ಒಂದು ಸೀರೆ ತಂದರು. ಗಿಳಿಹಸಿರು ಮೈ, ಕೆಂಪು ಅಂಚು. ಕ್ರಿಸ್ಮಸ್ಸಿಗೆ ಉಡಲೆಂದು ಗಂಡ ತಾವೇ ಶಹಾಪುರಕ್ಕೆ ಹೋಗಿ ಆರಿಸಿ ತಂದದ್ದು. ಮಡಿಕೆ ಕೂಡ ಬಿಚ್ಚಿರಲಿಲ್ಲ. "ಫಾದರ್, ಒಂದ ಮಾತ ಕೇಳ್ಲೇನ್ರಿ? ಈ ಸೀರಿ ನಾ ಇನ್ನ ಉಡಬಹುದೇನ್ರಿ?" ಎಂದರು. ಮನೆಯ ಹಿರಿಯರು ಬಾಗಿಲಲ್ಲೇ ನಿಂತಿದ್ದರು. ನಾನು ಅವರ ಮುಖ ನೋಡಿದೆ, ತಾಯಿಯ ಮುಖ ನೋಡಲಿಲ್ಲ. "ವರ್ಷ ತುಂಬಲಿ ತಾಯಿ, ಆಮೇಲೆ ನೋಡೋಣ" ಎಂದುಬಿಟ್ಟೆ. ಅವರು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಒಳಗೆ ಹೋದರು.

ವರ್ಷ ತುಂಬಿದ ಪೂಜೆಗೆ ಅವರು ಬೂದಿ ಬಣ್ಣದ ಸೀರೆಯಲ್ಲಿ ಬಂದರು. ಆಗ ನನಗೆ ಹೊಳೆಯಿತು: ಹಾಗೆ ಹೇಳುವ ಅಧಿಕಾರ ನನಗೆ ಯಾರು ಕೊಟ್ಟರು? ಧರ್ಮಸಭೆಯ ಕಾನೂನಿನ ಪುಸ್ತಕದಲ್ಲಿ ವಿಧವೆ ಯಾವ ಬಣ್ಣ ಉಡಬೇಕು, ಎಷ್ಟು ದಿನ ಉಡಬೇಕು ಎಂಬ ಒಂದು ವಿಧಿಯೂ ಇಲ್ಲ. ನಾನು ಹೇಳಿದ್ದು ಓಣಿಯ ಮಾತು. ಹೇಳಿದವನು ಗುರುವಾದ್ದರಿಂದ ಅವರು ಅದನ್ನು ದೇವರ ಮಾತೆಂದು ಕೇಳಿದರು.

ಧರ್ಮಸಭೆಯ ಬಣ್ಣಗಳೇ ಒಂದು ಕಡೆ ನಿಂತಿಲ್ಲ ಪ್ರಿಯರೇ. 12ನೆಯ ಶತಮಾನದ ಕೊನೆಯಲ್ಲಿ, ಮುಂದೆ ಮೂರನೆಯ ಇನ್ನೊಸೆಂಟ್ ಎಂಬ ಹೆಸರಿನಿಂದ ಪೋಪ್ ಆದವರು, ರೋಮಿನಲ್ಲಿ ಬಳಕೆಯಲ್ಲಿದ್ದ ಬಣ್ಣಗಳನ್ನು ಬರೆದಿಟ್ಟರು: ಬಿಳಿ, ಕೆಂಪು, ಹಸಿರು, ಕಪ್ಪು. ಮೃತರ ಪೂಜೆಗೆ ಕಪ್ಪು. ನಿಮ್ಮಲ್ಲಿ ಎಪ್ಪತ್ತು ದಾಟಿದವರಿಗೆ ಆ ಕಪ್ಪು ಪೂಜಾವಸ್ತ್ರ ನೆನಪಿರಬಹುದು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಕುರಿತು ಹೊರಡಿಸಿದ ದಾಖಲೆಯಲ್ಲಿ, ಅಂತ್ಯಕ್ರಿಯೆಯ ವಿಧಿ ಪ್ರಭುವಿನ ಪಾಸ್ಖವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಬೇಕು ಎಂದು ಹೇಳಿ, ಬಣ್ಣದ ವಿಷಯವನ್ನೂ ಅಲ್ಲೇ ಸೇರಿಸಿತು. 1969ರಲ್ಲಿ ಹೊಸ ವಿಧಿ ಬಂತು. ಇಂದು ಮೃತರ ಪೂಜೆಗೆ ನೇರಳೆ ಉಂಟು, ರೂಢಿ ಇರುವಲ್ಲಿ ಕಪ್ಪೂ ಉಂಟು, ಅನೇಕ ದೇಶಗಳಲ್ಲಿ ಬಿಳಿಯೂ ಉಂಟು. ಧರ್ಮಸಭೆ ಕಪ್ಪನ್ನು ತೆಗೆದುಹಾಕಲಿಲ್ಲ, ಅದರ ಪಕ್ಕದಲ್ಲಿ ಬೇರೆ ಬಣ್ಣಗಳಿಗೂ ಜಾಗ ಮಾಡಿತು. ನಾನು ಆ ತಾಯಿಗೆ ಮಾಡಿಕೊಡದೇ ಹೋದದ್ದು ಆ ಜಾಗವನ್ನೇ.

ಇಲ್ಲಿ ಒಂದು ಮಾತು. ಈಚೆಗೆ ಬಣ್ಣದ ಚಿಕಿತ್ಸೆ ಎಂಬ ಹೆಸರು ಬಹಳ ಕೇಳಿಬರುತ್ತಿದೆ. ಗೋಡೆಗೆ ನೀಲಿ ಬಳಿದರೆ ಮನಸ್ಸು ತಣ್ಣಗಾಗುತ್ತದೆ, ಹಳದಿ ಉಟ್ಟರೆ ದುಃಖ ಹೋಗುತ್ತದೆ ಎಂದು ಮಾರುವವರಿದ್ದಾರೆ. ನಂಬಬೇಡಿ. ಬಣ್ಣದೊಳಗೆ ಔಷಧಿ ಇಲ್ಲ. ಕೆಂಪನ್ನೇ ನೋಡಿ. ನಮಗೆ ಅದು ರಕ್ತಸಾಕ್ಷಿಗಳ ಬಣ್ಣ, ಪವಿತ್ರಾತ್ಮರ ಬಣ್ಣ. ನಮ್ಮ ನಾಡಿನಲ್ಲಿ ಮದುವಣಗಿತ್ತಿಯ ಬಣ್ಣವೂ ಅದೇ. ಆದರೆ ಇದೇ ಕರ್ನಾಟಕದ ಬ್ರಾಹ್ಮಣ ಮನೆಗಳಲ್ಲಿ ಒಂದು ಕಾಲಕ್ಕೆ ತಲೆ ಬೋಳಿಸಿಕೊಂಡ ಮಡಿ ಹೆಂಗಸರು ಜೀವಮಾನವೆಲ್ಲ ಉಟ್ಟದ್ದು ಕೂಡ ಕೆಂಪು ಸೀರೆ. ಉತ್ತರದ ಕಡೆ ವಿಧವೆಗೆ ಬಿಳಿ. ನಮ್ಮ ಗೋವಾ ಮೂಲದ ಮನೆಗಳಲ್ಲಿ ಅಜ್ಜಿಯಂದಿರಿಗೆ ಕಪ್ಪು. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ 1861ರಲ್ಲಿ ಗಂಡ ತೀರಿಕೊಂಡ ಮೇಲೆ 1901ರಲ್ಲಿ ತಾವು ಸಾಯುವವರೆಗೂ ಕಪ್ಪಿನಲ್ಲೇ ಇದ್ದರು. ಆದರೆ ಆಕೆ ರಾಣಿ, ಆಕೆಗೆ ಅದು ಬೇಕಾಗಿತ್ತು. ನಮ್ಮ ಅಜ್ಜಿಯರನ್ನು ಯಾರು ಕೇಳಿದ್ದರು? ಒಬ್ಬರಿಗೆ ಹಬ್ಬವಾದ ಬಣ್ಣ ಇನ್ನೊಬ್ಬರಿಗೆ ಶಿಕ್ಷೆ ಆಗಬಹುದು. ಉಡುವವರ ಮನಸ್ಸು ಅದಕ್ಕೆ ಒಪ್ಪಿದೆಯೇ ಎಂಬುದನ್ನು ಮೊದಲು ನೋಡಬೇಕು.

ಪವಿತ್ರ ಗ್ರಂಥದಲ್ಲಿ ಇಬ್ಬರನ್ನು ನೆನೆಯಿರಿ. ಮಗನ ಚೆಂದದ ನಿಲುವಂಗಿ ರಕ್ತದಲ್ಲಿ ನೆನೆದು ಬಂದಾಗ ಯಕೋಬ ಬಟ್ಟೆ ಹರಿದುಕೊಂಡು ಗೋಣಿತಟ್ಟು ಸುತ್ತಿಕೊಂಡ. ಮಕ್ಕಳೆಲ್ಲ ಬಂದು ಸಂತೈಸಿದರೂ ಸಮಾಧಾನ ಬೇಡವೆಂದ. ಅವನನ್ನು ದೇವರು ಗದರಲಿಲ್ಲ. ಇನ್ನೊಬ್ಬಳು ಯೂದಿತಳು. ಜವೆಗೋಧಿಯ ಸುಗ್ಗಿಯಲ್ಲಿ ಬಿಸಿಲು ಬಡಿದು ಗಂಡ ಮನಸ್ಸೆ ತೀರಿಕೊಂಡ. ಮೂರು ವರ್ಷ ನಾಲ್ಕು ತಿಂಗಳು ಆಕೆ ವಿಧವೆಯ ಬಟ್ಟೆಯಲ್ಲಿದ್ದಳು. ಜನರಿಗೆ ಆಪತ್ತು ಬಂದ ದಿನ ತಾನೇ ಎದ್ದು ಅದನ್ನು ಕಳಚಿಟ್ಟು, ಗಂಡ ಇದ್ದಾಗ ಉಡುತ್ತಿದ್ದ ಹಬ್ಬದ ಉಡುಪನ್ನು ಉಟ್ಟಳು, ಬಳೆ ಉಂಗುರ ತೊಟ್ಟಳು. ಯಾರ ಅಪ್ಪಣೆಯನ್ನೂ ಕೇಳಿದಂತಿಲ್ಲ. ಹಾಗಂತ ಮನಸ್ಸೆಯನ್ನು ಮರೆತಳೇ? ಎಷ್ಟೋ ಜನ ಕೇಳಿಬಂದರೂ ಮರುಮದುವೆಯಾಗಲಿಲ್ಲ. ನೂರೈದು ವರ್ಷ ಬದುಕಿ ಅವನ ಗುಹೆಯಲ್ಲೇ ಸಮಾಧಿಯಾದಳು. ಬಣ್ಣ ಉಟ್ಟವರು ಮರೆತವರು ಎಂದು ಆಡಿಕೊಳ್ಳುವ ನಾಲಗೆಗಳು ಈ ಪುಸ್ತಕವನ್ನು ಒಮ್ಮೆ ಓದಬೇಕು.

ನಮ್ಮ ನೆರೆಯ ಊರೊಂದು ಇದನ್ನು ಓದದೆಯೇ ಅರ್ಥ ಮಾಡಿಕೊಂಡಿತು. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಹೇರವಾಡ, ನಮ್ಮ ಗಡಿಗೆ ಹತ್ತಿರದ ಹಳ್ಳಿ. ಕೋವಿಡ್ ಎಷ್ಟೋ ಮನೆಗಳ ದೀಪ ಆರಿಸಿ ಹೋದ ಮೇಲೆ, 2022ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಮ ಪಂಚಾಯತಿ ಒಂದು ಠರಾವು ಮಾಡಿತು: ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ, ಕಾಲುಂಗುರ ತೆಗೆಯುವುದು ಇನ್ನು ಬೇಡ. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಪಂಚಾಯತಿಗಳಿಗೂ ಇದನ್ನು ಮಾದರಿಯಾಗಿ ತೋರಿಸಿತು. ನಮ್ಮ ಕ್ರೈಸ್ತ ಮನೆಗಳಲ್ಲಿ ಇಂಥದಿಲ್ಲ ಎಂದು ಹೆಮ್ಮೆಪಡಬೇಡಿ. ಹಸಿರು ಬಳೆ ಕಳಚಿದ ಕೈಗಳನ್ನು ನಾನು ಈ ಬೆಂಚುಗಳಲ್ಲೇ ಕಂಡಿದ್ದೇನೆ. ಮದುವೆ ಮನೆಯಲ್ಲಿ ಹಿಂದಿನ ಸಾಲಿಗೆ ಸರಿಯುವ ತಾಯಂದಿರನ್ನೂ ಕಂಡಿದ್ದೇನೆ.

ಹಾಗಾದರೆ ದುಃಖದ ಮನೆಯಲ್ಲಿ ಬಣ್ಣಕ್ಕೆ ಏನು ಕೆಲಸ? ನನಗೆ ಇದನ್ನು ಕಲಿಸಿದ್ದು ಪುಸ್ತಕವಲ್ಲ, ಕೌದಿ. ನಮ್ಮ ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ಕೌದಿ ಇಲ್ಲ? ಸತ್ತವರ ಬಟ್ಟೆಯನ್ನು ಕೆಲವರು ನದಿಗೆ ಬಿಡುತ್ತಾರೆ, ಕೆಲವರು ಸುಡುತ್ತಾರೆ. ಆದರೆ ಅವ್ವನ ಹಳೆಯ ಸೀರೆ, ಅಪ್ಪನ ಧೋತರ ಕೌದಿಯಾಗಿ ಮೊಮ್ಮಕ್ಕಳ ಮೈಮೇಲೆ ಹೊದಿಕೆಯಾದದ್ದನ್ನೂ ನಾವು ಕಂಡಿದ್ದೇವೆ. ಖಾನಾಪುರದ ಕಾಡಂಚಿನಿಂದ ಹಳಿಯಾಳ, ಯಲ್ಲಾಪುರದವರೆಗೆ ಬದುಕುವ ಸಿದ್ದಿ ಹೆಣ್ಣುಮಕ್ಕಳು ಇದನ್ನು ಕವಂದಿ ಎನ್ನುತ್ತಾರೆ. ಅವರು ಹೊಲಿಯುವ ರೀತಿ ನೋಡಬೇಕು. ಒಂದು ಮೂಲೆಯಿಂದ ಶುರು ಮಾಡಿ, ಅಂಚು ಹಿಡಿದು ಸುತ್ತ ಸುತ್ತ ಹೊಲಿಯುತ್ತ, ನಿಧಾನವಾಗಿ ಒಳಗೆ ಬರುತ್ತಾರೆ. ನಡುಭಾಗ ಮುಚ್ಚುವುದು ಕೊನೆಗೆ. ನಾಲ್ಕು ಮೂಲೆಗೆ ಬಣ್ಣದ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂವು ಇಡುತ್ತಾರೆ. ಆ ಹೂವಿಲ್ಲದ ಕವಂದಿ ಬೆತ್ತಲೆ ಎಂದು ಅವರ ಲೆಕ್ಕ.

ದುಃಖದಲ್ಲಿರುವವರ ಬಳಿಗೂ ಹಾಗೆಯೇ ಅಂಚಿನಿಂದ ಹೋಗಿರಿ. "ಅಳಬೇಡ್ರಿ, ಧೈರ್ಯ ತಗೋರಿ" ಎಂದು ನೇರ ನಡುವಿಗೆ ಸೂಜಿ ಚುಚ್ಚಬೇಡಿ. ಸತ್ತವರ ಹೆಸರೆತ್ತಲು ನಾವೆಲ್ಲ ಹೆದರುತ್ತೇವೆ. "ಅವರಿಗೆ ಯಾವ ಬಣ್ಣ ಭಾಳ ಸೇರತಿತ್ತು?" ಎಂದು ಕೇಳಿ ನೋಡಿ. ಮೂರು ವಾರ ಬಾಯಿ ಬಿಡದವರು ಆ ಒಂದು ಪ್ರಶ್ನೆಗೆ ಅರ್ಧ ಗಂಟೆ ಮಾತಾಡಿದ್ದು ನನಗೆ ಗೊತ್ತು. ಮುಚ್ಚಿದ ಪರದೆಯನ್ನು ದಿನಕ್ಕೊಮ್ಮೆ ಸರಿಸಿರಿ. ಮನೆಯಲ್ಲಿ ಮಕ್ಕಳಿದ್ದರೆ ಬಣ್ಣದ ಪೆನ್ಸಿಲು, ಕಾಗದ ಕೊಡಿ. ಹೇಳಲಾರದ್ದನ್ನು ಅವು ಬರೆದು ತೋರಿಸುತ್ತವೆ. ಹೆಂಡತಿ ಕಳೆದುಕೊಂಡ ಗಂಡಸರನ್ನು ನಾವು ಮರೆತೇ ಬಿಡುತ್ತೇವೆ, ಅವರ ದುಃಖಕ್ಕೆ ಓಣಿ ಯಾವ ಬಣ್ಣವನ್ನೂ ಗೊತ್ತುಮಾಡಿಲ್ಲ. ಆಕೆ ನೀರು ಹಾಕುತ್ತಿದ್ದ ದಾಸವಾಳದ ಕುಂಡವನ್ನು ಅವರ ಕೈಗೆ ಕೊಡಿ. ಕಪ್ಪಿನಲ್ಲೇ ಇರುತ್ತೇನೆ ಎನ್ನುವವರನ್ನು ಇರಗೊಡಿ, ಎಳೆದು ಹಳದಿ ಉಡಿಸುವುದೂ ಒಂದು ಒತ್ತಾಯವೇ.

ಮತ್ತು ಯಾವ ಬಣ್ಣವೂ ಕಣ್ಣಿಗೆ ಹತ್ತದೆ, ಆರು ತಿಂಗಳು ಕಳೆದರೂ ಊಟ, ನಿದ್ದೆ, ಕೆಲಸ ದಾರಿಗೆ ಬರದಿದ್ದರೆ ಅದನ್ನು ವಿಶ್ವಾಸದ ಕೊರತೆ ಎನ್ನಬೇಡಿ. ಮುಗಿಯದ ಇಂಥ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಲ್ಲಿರುವ ತನ್ನ ಪಟ್ಟಿಯಲ್ಲಿ ಚಿಕಿತ್ಸೆ ಬೇಕಾದ ತೊಂದರೆ ಎಂದೇ ಸೇರಿಸಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲಿಂದ ದೂರವಿಲ್ಲ. ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹೊತ್ತಿಲ್ಲದ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಶಿವಬಸವ ನಗರದ ಆ ತಾಯಿಯ ಬಳಿಗೆ ನಾನು ಮತ್ತೆ ಹೋದೆ. ತಪ್ಪಾಯಿತು ಎಂದೆ, ಸೀರೆ ಉಡಿರಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಬ್ಯಾಡ ಅನಸ್ತದ್ರಿ ಫಾದರ್. ಆವಾಗ ಉಡೂ ಮನಸಿತ್ತು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕಳೆದ ಮಳೆಗಾಲದಲ್ಲಿ ಅವರೇ ಕರೆದು ತೋರಿಸಿದರು. ಗಂಡನ ಅಂಗಿಗಳನ್ನೆಲ್ಲ ಖಾನಾಪುರದ ಕಡೆಯ ಹೆಣ್ಣುಮಗಳೊಬ್ಬಳ ಕೈಯಲ್ಲಿ ಕೌದಿ ಹೊಲಿಸಿದ್ದರು. ಬಿಳಿ, ತಿಳಿನೀಲಿ, ಪಟ್ಟೆಪಟ್ಟೆ, ಕಚೇರಿಗೆ ಹೋಗುವವರ ಅಂಗಿಗಳು. ನಾಲ್ಕು ಮೂಲೆಯಲ್ಲಿ ಗಿಳಿಹಸಿರು ಹೂವು. ಸೀರೆಯ ಸೆರಗನ್ನಷ್ಟೇ ಕತ್ತರಿಸಿದ್ದರಂತೆ. "ಉಳಿದದ್ದು ಹಾಂಗ ಐತಿ ಫಾದರ್, ನೋಡೋಣ" ಎಂದರು.

ಇವತ್ತು ಅವರು ಇಲ್ಲಿದ್ದಾರೆ, ಯಾರೆಂದು ತಿರುಗಿ ಹುಡುಕಬೇಡಿ. ಪೂಜೆ ಮುಗಿದ ಮೇಲೆ ಎಲ್ಲರೂ ಸಮಾಧಿಭೂಮಿಗೆ ಹೋಗುತ್ತೇವೆ. ಬಾಗಿಲ ಬಳಿ ಬುಟ್ಟಿಗಳಲ್ಲಿ ಸೇವಂತಿಗೆ, ಚೆಂಡು ಹೂವು ಇವೆ, ಹಳದಿ ಇದೆ, ಬಿಳಿ ಇದೆ, ನೇರಳೆಯೂ ಇದೆ. ನಿಮ್ಮವರಿಗೆ ಯಾವುದು ಇಷ್ಟವಿತ್ತೋ ಅದನ್ನು ತೆಗೆದುಕೊಳ್ಳಿ. ಕೆಳಗಿನ ಸಾಲಿನಲ್ಲಿ ಹೆಸರು ಅಳಿಸಿಹೋದ ಕೆಲವು ಹಳೆಯ ಸಮಾಧಿಗಳಿವೆ, ಕೇಳಲು ಯಾರೂ ಉಳಿದಿಲ್ಲ. ಅವುಗಳ ಮೇಲೆ ಯಾವ ಬಣ್ಣದ ಹೂವು ಇಡಬೇಕೆಂಬುದನ್ನು ಮಕ್ಕಳು ಆರಿಸಲಿ.