ಬೆವರಿನ ದುಡ್ಡಿನಿಂದ ಎದ್ದ ಆಸ್ಪತ್ರೆ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಜಂಟಿ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಪಾಳಿ ಮುಗಿಸಿ ಮನೆಗೂ ಹೋಗದೆ ನೆಟ್ಟಗೆ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲು ಅರ್ಧ ಎಳೆದು ಬಂದವರಿದ್ದೀರಿ. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದಿಲ್ಲ. ಕಾಯಿಲೆ ಬಿದ್ದಾಗ ದುಡಿಯುವವರ ಗತಿ ಏನು ಎಂಬುದೇ ಇಂದಿನ ವಿಷಯ.

ಆ ಗತಿ ಏನೆಂದು ನಾವು ನಿಮಗೆ ಹೇಳಿಕೊಡಬೇಕಾದ್ದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಕೇರಿಯ ಹಮಾಲರೊಬ್ಬರ ಮಗಳಿಗೆ ಹೆರಿಗೆ ನೋವು ಬಂದು, ರಾತ್ರಿ ಹನ್ನೊಂದು ಗಂಟೆಗೆ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ಮೊದಲು ಮುಂಗಡ ಕಟ್ಟಿ, ಆಮೇಲೆ ಒಳಗೆ ಬನ್ನಿ ಎಂದರು. ಕಿರಾಣಿ ಅಂಗಡಿಯವರೊಬ್ಬರು ಗಲ್ಲಾಪೆಟ್ಟಿಗೆಯಲ್ಲಿದ್ದ ದುಡ್ಡನ್ನೆಲ್ಲ ತಂದು ಸುರಿದದ್ದರಿಂದ ತಾಯಿಯೂ ಮಗುವೂ ಉಳಿದರು. ಆದರೆ ಆ ಮನೆಯವರು ಬಡ್ಡಿಗೆ ತಂದ ಸಾಲ ಇನ್ನೂ ತೀರಿಲ್ಲ. ಅಂಗಡಿಯವರ ಗಲ್ಲಾವೂ ಇನ್ನೂ ತುಂಬಿಲ್ಲ. ಆ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಾಗ ನಮಗೆ ನೆನಪಾದದ್ದು ದಲ್ಲಿ ರಾಜಹರಾ ಎಂಬ ಊರು. ಆ ಊರಿನ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇವೆ.

ದಲ್ಲಿ ರಾಜಹರಾ ಛತ್ತೀಸ್‌ಗಢದ ಒಂದು ಗಣಿ ಊರು. ಭಿಲಾಯಿಯ ಉಕ್ಕಿನ ಕಾರ್ಖಾನೆಗೆ ಕಬ್ಬಿಣದ ಅದಿರು ಹೋದದ್ದು ಅಲ್ಲಿಂದ. ಆ ಸೀಮೆ ಮಧ್ಯಪ್ರದೇಶಕ್ಕೆ ಸೇರಿದ್ದ ಕಾಲದಲ್ಲಿ, ಗುತ್ತಿಗೆದಾರರ ಕೈಕೆಳಗೆ ಸಾವಿರಾರು ಗಂಡಸರು, ಹೆಂಗಸರು ಕೈಯಿಂದಲೇ ಕಲ್ಲೊಡೆದು ಲಾರಿ ತುಂಬುತ್ತಿದ್ದರು. ಸುತ್ತಣ ಹಳ್ಳಿಗಳಿಂದ ಬಂದ ಆದಿವಾಸಿಗಳು, ಬಡ ರೈತರ ಮಕ್ಕಳು. 1977ರಲ್ಲಿ ಅವರು ಶಂಕರ್ ಗುಹಾ ನಿಯೋಗಿಯವರ ಮುಂದಾಳುತನದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಛತ್ತೀಸ್‌ಗಢ ಮೈನ್ಸ್ ಶ್ರಮಿಕ್ ಸಂಘ ಎಂದು ಅದರ ಹೆಸರು. ಸಂಘ ಹುಟ್ಟಿ ಕೆಲವೇ ತಿಂಗಳಾಗಿತ್ತು. ಜೂನ್ 2ರ ರಾತ್ರಿ ಪೋಲೀಸರು ನಿಯೋಗಿಯವರನ್ನು ಹಿಡಿದೊಯ್ದರು. ನಮ್ಮ ನಾಯಕನನ್ನು ಬಿಡಿ ಎಂದು ಜನ ನಿಂತರು. ಆ ರಾತ್ರಿಯೂ ಮರುದಿನವೂ ಗೋಲಿಬಾರು ನಡೆದು ಹನ್ನೊಂದು ಮಂದಿ ಪ್ರಾಣ ಬಿಟ್ಟರು.

ಕೆಲವು ವರ್ಷಗಳಲ್ಲೇ ಸಂಘಕ್ಕೆ ಇನ್ನೊಂದು ಪೆಟ್ಟು ಬಿತ್ತು. ಸಂಘದ ಉಪಾಧ್ಯಕ್ಷೆ ಕುಸುಮ್ ಬಾಯಿ ಹೆರಿಗೆಯ ಸಮಯದಲ್ಲಿ ತಕ್ಕ ಚಿಕಿತ್ಸೆ ಸಿಗದೆ ತೀರಿಕೊಂಡರು. ಗುಂಡೇಟಿಗೆ ಅಂಜದ ಸಂಘದ ಮುಂದಾಳು ಒಂದು ಹೆರಿಗೆಗೆ ಬಲಿಯಾದರು. ಕಾಯಂ ನೌಕರರಿಗೆ ಸಿಗುತ್ತಿದ್ದ ವೈದ್ಯಸೌಕರ್ಯ ಗುತ್ತಿಗೆಯವರಿಗೆ ಇರಲಿಲ್ಲ. ದೇಶಕ್ಕೆ ಉಕ್ಕು ಬೇಕು, ಅದಿರು ಬೇಕು, ಅದಿರು ಅಗೆದವಳ ಪ್ರಾಣ ಮಾತ್ರ ಯಾರ ಲೆಕ್ಕಕ್ಕೂ ಇಲ್ಲ! ಆ ದುಃಖದಲ್ಲಿಯೇ ಕಾರ್ಮಿಕರು ನಿಶ್ಚಯ ಮಾಡಿದರು: ನಮ್ಮ ಆಸ್ಪತ್ರೆಯನ್ನು ನಾವೇ ಕಟ್ಟೋಣ.

ಹೇಗೆ ಕಟ್ಟಿದರು ಎಂಬುದನ್ನು ಗಮನವಿಟ್ಟು ಕೇಳಿ. ದೊಡ್ಡ ಕಟ್ಟಡಕ್ಕಾಗಿ ಕಾದು ಕೂರಲಿಲ್ಲ. 1982ರ ಜನವರಿ 26ರಂದು ಒಂದು ಸಣ್ಣ ದವಾಖಾನೆ ತೆರೆದರು. ಅತ್ತ ರೋಗಿಗಳನ್ನು ನೋಡುತ್ತಲೇ ಇತ್ತ ಇಟ್ಟಿಗೆ ಹೊತ್ತರು. ಗಣಿಯಲ್ಲಿ ದುಡಿದು ಬಂದ ಕೈಗಳೇ ಗಾರೆ ಕಲಸಿದವು. ಹಣ ಕಾರ್ಮಿಕರ ವಂತಿಗೆಯದು. ಯಾವ ಸಾಹುಕಾರನ ದತ್ತಿಗೂ ಅವರು ಕೈಚಾಚಲಿಲ್ಲ. 1983ರ ಜೂನ್ 3ರಂದು, ಅಂದರೆ ಗೋಲಿಬಾರು ನಡೆದ ಆರನೆಯ ವರ್ಷದ ದಿನವೇ, ಹದಿನೈದು ಹಾಸಿಗೆಯ ಆಸ್ಪತ್ರೆ ತೆರೆಯಿತು. ಮಡಿದ ಹನ್ನೊಂದು ಮಂದಿಯ ನೆನಪಿಗೆ ಶಹೀದ್ ಆಸ್ಪತ್ರೆ ಎಂದು ಹೆಸರಿಟ್ಟರು. ಬಾಗಿಲು ತೆರೆಯುವುದಕ್ಕೆ ಯಾವ ಮಂತ್ರಿಯನ್ನೂ ಕರೆಯಲಿಲ್ಲ. ಒಬ್ಬ ಹಿರಿಯ ಗಣಿ ಕಾರ್ಮಿಕರೂ ಒಬ್ಬ ಹಿರಿಯ ರೈತರೂ ತೆರೆದರು.

ವೈದ್ಯರು ಎಲ್ಲಿಂದ ಬಂದರು ಎಂದು ಕೇಳಬಹುದು. ಬಿನಾಯಕ್ ಸೇನ್, ಆಶೀಷ್ ಕುಂಡು, ಶೈಬಾಲ್ ಜಾನಾ, ಪುಣ್ಯವ್ರತ ಗುಣ ಮೊದಲಾದ ವಿದ್ಯಾವಂತ ತರುಣರು ಪಟ್ಟಣದ ಸಂಪಾದನೆ ಬಿಟ್ಟು ಅಲ್ಲಿಗೆ ಹೋದರು. ಆದರೆ ವೈದ್ಯರಿಂದ ಮಾತ್ರ ಆಸ್ಪತ್ರೆ ನಡೆಯಲಿಲ್ಲ. ಹಗಲು ಗಣಿಯಲ್ಲಿ ದುಡಿದ ಕಾರ್ಮಿಕರು ಸಂಜೆ ಬಂದು ಗಾಯ ತೊಳೆಯಲು, ಪಟ್ಟಿ ಕಟ್ಟಲು, ಔಷಧ ಕೊಡಲು ಕಲಿತರು. ಕಾರ್ಮಿಕರ ಮನೆಯ ಹೆಣ್ಣುಮಕ್ಕಳು ದಾದಿಯರಾದರು. ನಾವು ಹತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಓದು ಬರಹ ಕಡಿಮೆ ಎಂದ ಮಾತ್ರಕ್ಕೆ ಬುದ್ಧಿ ಕಡಿಮೆ ಎಂದು ಭಾವಿಸುವವರಿಗೆ ಈ ಆಸ್ಪತ್ರೆಯೇ ಉತ್ತರ.

ಅಲ್ಲಿ ರೋಗಕ್ಕೆ ಮದ್ದು ಕೊಟ್ಟದ್ದಷ್ಟೇ ಅಲ್ಲ, ಮೌಢ್ಯಕ್ಕೂ ಕೊಟ್ಟರು. ಸೂಜಿ ಚುಚ್ಚದ ವೈದ್ಯ ವೈದ್ಯನೇ ಅಲ್ಲ, ಬಾಟಲಿ ಏರಿಸದೆ ಶಕ್ತಿ ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದ್ದಂತೆ ಅಲ್ಲೂ ಇತ್ತು. ಬೇಡದ ಸೂಜಿ, ಬೇಡದ ಟಾನಿಕ್ಕಿನ ವಿರುದ್ಧ ಆಸ್ಪತ್ರೆಯವರು ಪ್ರಚಾರ ನಡೆಸಿದರು. ಮಗುವಿಗೆ ಭೇದಿಯಾದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಮ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕಲಸಿ ಪದೇ ಪದೇ ಕುಡಿಸಬೇಕು. ಚಹಾದ ಸಣ್ಣ ಚಮಚೆಯ ಅಳತೆ ಇದು. ಉಪ್ಪು ಹೆಚ್ಚಾಗಕೂಡದು. ಮಗು ಸೊರಗಿದರೆ, ಕುಡಿಯದಿದ್ದರೆ ಆಗ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಇಷ್ಟು ತಿಳಿದ ತಾಯಿ ಎಷ್ಟೋ ಬಾಟಲಿಗಳ ಖರ್ಚನ್ನು ಉಳಿಸುತ್ತಾಳೆ, ಅದಕ್ಕಿಂತ ಹೆಚ್ಚಾಗಿ ಮಗುವನ್ನು ಉಳಿಸುತ್ತಾಳೆ.

1991ರ ಸೆಪ್ಟೆಂಬರ್ 28ರಂದು ಭಿಲಾಯಿಯಲ್ಲಿ ಮಲಗಿದ್ದಲ್ಲೇ ನಿಯೋಗಿಯವರನ್ನು ಗುಂಡಿಟ್ಟು ಕೊಂದರು. ನಾಯಕ ಹೋದರೆ ಆಸ್ಪತ್ರೆಯೂ ಹೋದೀತು ಎಂದುಕೊಂಡವರಿದ್ದಿರಬಹುದು. ಹೋಗಲಿಲ್ಲ. ಗಣಿಗೆ ಯಂತ್ರಗಳು ಬಂದು ಕೈಕೆಲಸದವರ ಸಂಖ್ಯೆ ಇಳಿಯಿತು. ಆಗಲೂ ಮುಚ್ಚಲಿಲ್ಲ. ಹದಿನೈದು ಹಾಸಿಗೆಗಳು ಬೆಳೆದು ನೂರನ್ನು ದಾಟಿದವು. ಗಣಿಯವರು ಕಟ್ಟಿದ ಆ ಬಾಗಿಲಿಗೆ ಸುತ್ತಣ ಹಳ್ಳಿಯ ರೈತರೂ ಕಾಡಿನಂಚಿನ ಆದಿವಾಸಿಗಳೂ ಬಂದರು. ನೀನು ನಮ್ಮ ಸಂಘದವನೋ ಅಲ್ಲವೋ ಎಂದು ಕೇಳಿ ಯಾರನ್ನೂ ಹಿಂದೆ ಕಳಿಸಲಿಲ್ಲ.

ಈ ಮಾತನ್ನು ಮೊನ್ನೆ ಗಿರಣಿಯ ಬಾಗಿಲಲ್ಲಿ ಹೇಳಿದಾಗ ಹಿರಿಯ ಕಾರ್ಮಿಕರೊಬ್ಬರು, "ಮೇಷ್ಟ್ರೇ, ಸರಕಾರಕ್ಕೆ ತೆರಿಗೆ ಕೊಟ್ಟು, ಇ.ಎಸ್.ಐ.ಗೆ ಸಂಬಳದಲ್ಲಿ ಮುರಿಸಿಕೊಂಡು, ಮತ್ತೆ ಆಸ್ಪತ್ರೆಯನ್ನೂ ನಾವೇ ಕಟ್ಟಬೇಕೇನ್ರಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ದುಡ್ಡಿಲ್ಲದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಭೋರ್ ಸಮಿತಿ 1946ರಲ್ಲೇ ಹೇಳಿತು. ಅದು ಸರಕಾರದ ಹೊಣೆ. ಆ ಹೊಣೆಯಿಂದ ಅದನ್ನು ಬಿಡಿಸುವ ಕೆಲಸ ನಾವು ಮಾಡಕೂಡದು. ಇ.ಎಸ್.ಐ. ವಿಷಯ ಕೇಳಿ: 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ನೂರು ರೂಪಾಯಿ ಕೂಲಿಗೆ ಕಾರ್ಮಿಕನದು 75 ಪೈಸೆ, ಮಾಲಿಕನದು 3 ರೂಪಾಯಿ 25 ಪೈಸೆ. ಗುತ್ತಿಗೆದಾರನ ಆಳುಗಳಿಗೂ ಮೊದಲು ಕಟ್ಟಬೇಕಾದವನು ಮೂಲ ಮಾಲಿಕನೇ ಎಂದು ಕಾನೂನು ಹೇಳುತ್ತದೆ. ನಮ್ಮಲ್ಲಿ ಎಷ್ಟು ಮಂದಿಯ ಕೈಯಲ್ಲಿ ಆ ಕಾರ್ಡು ಇದೆ? ಕೈಯೆತ್ತಿ ನೋಡೋಣ. ಇಷ್ಟೇ! ಇನ್ನು ಹಮಾಲರಿಗೆ, ಬೀದಿ ವ್ಯಾಪಾರಿಗೆ, ಸಣ್ಣ ಅಂಗಡಿಯವರಿಗೆ ಆ ಕಾರ್ಡೂ ಇಲ್ಲ.

ಹಾಗಾದರೆ ದಲ್ಲಿ ರಾಜಹರಾದವರು ಸರಕಾರವನ್ನು ಬಿಟ್ಟುಕೊಟ್ಟರೇ? ಇಲ್ಲ. ಹಕ್ಕಿಗಾಗಿ ಹೋರಾಡುತ್ತಲೇ ಆಸ್ಪತ್ರೆ ಕಟ್ಟಿದರು. ಇಷ್ಟೇ ದುಡ್ಡಿನಲ್ಲಿ ಬಡವನಿಗೆ ಮರ್ಯಾದೆಯ ಚಿಕಿತ್ಸೆ ಸಾಧ್ಯ ಎಂದು ಮಾಡಿ ತೋರಿಸಿದವರು, ನೀವೇಕೆ ಮಾಡುವುದಿಲ್ಲ ಎಂದು ಕೇಳಿದರೆ ಸರಕಾರದ ಬಾಯಿ ಕಟ್ಟುತ್ತದೆ. ನಮ್ಮ ದೃಷ್ಟಿಯಲ್ಲಿ ಆ ಆಸ್ಪತ್ರೆಯ ನಿಜವಾದ ಪಾಠ ಇದೇ. ಅಲ್ಲಿ ಮೊದಲು ಕಟ್ಟಿದ್ದು ಸಂಘವನ್ನು, ಗೋಡೆಯನ್ನು ಆಮೇಲೆ. ಸಂಘ ಗಟ್ಟಿಯಿದ್ದಲ್ಲಿ ಗೋಡೆ ನಿಂತಿತು.

ನಾಳೆಯೇ ಇಲ್ಲಿ ಆಸ್ಪತ್ರೆ ಏಳುತ್ತದೆ ಎಂಬ ಸುಳ್ಳು ಆಸೆಯನ್ನು ನಾವು ತೋರಿಸುವುದಿಲ್ಲ. ಈ ಸಭೆ ಮೂರು ಕೆಲಸಗಳನ್ನು ಒಪ್ಪಿದರೆ ಸಾಕು. ಇ.ಎಸ್.ಐ. ಕಾರ್ಡಿಲ್ಲದ ಪ್ರತಿಯೊಬ್ಬ ಗಿರಣಿ ಆಳಿನ ಹೆಸರು ಬರೆದು ಮಾಲಿಕರ ಮುಂದಿಡುವುದು. ಮನೆಗೆ ವಾರಕ್ಕೆ ಐದು ರೂಪಾಯಿಯಂತೆ ಆಪತ್ತಿನ ನಿಧಿ ಕೂಡಿಸಿ, ಅದರ ಜಮಾ ಖರ್ಚನ್ನು ಪ್ರತಿ ತಿಂಗಳೂ ಈ ಗೋಡೆಗೆ ಅಂಟಿಸುವುದು. ಕೇರಿಗೆ ಒಬ್ಬ ಹೆಣ್ಣುಮಗಳನ್ನೂ ಒಬ್ಬ ತರುಣನನ್ನೂ ಪ್ರಥಮ ಚಿಕಿತ್ಸೆ ಕಲಿಯಲು ಕಳಿಸುವುದು. ಲೆಕ್ಕ ಬರೆಯಲು ಒಬ್ಬ ವರ್ತಕರು, ಲೆಕ್ಕ ನೋಡಲು ಒಬ್ಬ ಕಾರ್ಮಿಕರು ಇರಲಿ. ಪಕ್ಷದವರು ಯಾರೂ ಆ ಪೆಟ್ಟಿಗೆಯನ್ನು ಮುಟ್ಟುವುದು ಬೇಡ, ನಾವೂ ಸೇರಿ.

ಆ ಮಳೆಯ ರಾತ್ರಿ ಒಂದು ಗಲ್ಲಾಪೆಟ್ಟಿಗೆ ತೆರೆಯಿತು, ಎರಡು ಜೀವ ಉಳಿದವು. ಆದರೆ ಒಬ್ಬರ ಔದಾರ್ಯವನ್ನು ನಂಬಿ ಒಂದು ಕೇರಿ ಬದುಕಲಾಗದು. ಇನ್ನು ಮೇಲೆ ಆ ಪೆಟ್ಟಿಗೆ ಎಲ್ಲರದೂ ಆಗಲಿ. ಇದಕ್ಕೆ ಒಪ್ಪಿಗೆಯಿದ್ದವರು ಕೈಯೆತ್ತಿ. ಒಪ್ಪಿಗೆಯಿಲ್ಲದವರು ಎದ್ದು ನಿಂತು ಕಾರಣ ಹೇಳಿ, ಅದನ್ನೂ ಕೇಳಿಯೇ ಮುಂದೆ ಹೋಗೋಣ.