ವಯಸ್ಸಾದ ಬೆಕ್ಕಿಗೆ ಒಣ ಆಹಾರ: ಚೀಲ ಓದುವ ಮೊದಲು ಬೆಕ್ಕನ್ನು ತೂಗಿ



ನಾನು ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಊರು ಗದಗ ಹತ್ತಿರದ ಒಂದು ಹಳ್ಳಿ, ಎಂ.ಟೆಕ್ ಮಾಡಿದ್ದು ಸುರತ್ಕಲ್‌ನಲ್ಲಿ, ಕೆಲಸ ಹಿಂಜವಡಿಯಲ್ಲಿ. ಆಫೀಸಲ್ಲಿ ನಂದು ಸರ್ವರ್ ಕಾಯುವ ಕೆಲಸ. ರಾತ್ರಿ ಎರಡು ಗಂಟೆಗೆ ಯಾವುದೋ ಡಿಸ್ಕ್ 80 ಪರ್ಸೆಂಟ್ ತುಂಬಿದ್ರೆ ನನ್ನ ಫೋನ್ ಬಡ್ಕೊಳ್ಳುತ್ತೆ. ಇಷ್ಟೆಲ್ಲ ಅಲರ್ಟ್ ಇಟ್ಕೊಂಡು ಬದುಕೋ ನಾನು, ಮನೇಲಿರೋ ಹನ್ನೆರಡು ವರ್ಷದ ಬೆಕ್ಕು ಒಂದೇ ವರ್ಷದಲ್ಲಿ 800 ಗ್ರಾಂ ಇಳಿದದ್ದಕ್ಕೆ ಏನೂ ಮಾಡಲಿಲ್ಲ. ಕಣ್ಣಿಗೆ ಬಿದ್ದಿತ್ತು. ಬಿದ್ದು ಖುಷಿನೂ ಪಟ್ಟಿದ್ದೆ. "ಹೊಸ ಫುಡ್ಡು ಕೆಲಸ ಮಾಡ್ತಿದೆ, ನೋಡಿ ಎಷ್ಟು ಸ್ಲಿಮ್ ಆಗಿದಾಳೆ" ಅಂತ ಮನೆಯವರ ಗ್ರೂಪಿಗೆ ಫೋಟೋ ಹಾಕಿದ್ದೆ. ಆ ಫೋಟೋ ಈಗಲೂ ಇದೆ, ಅಳಿಸಿಲ್ಲ.

ಇವತ್ತಿನ ಮಾತು ಅದರ ಬಗ್ಗೆ. ಫ್ಲ್ಯಾಟಿನೊಳಗೇ ಬೆಳೆದು ಮುದಿಯಾಗ್ತಿರೋ ಬೆಕ್ಕಿಗೆ ಒಣ ಆಹಾರ ಹೇಗೆ ಆರಿಸೋದು. ನಾನು ವೆಟ್ ಅಲ್ಲ. ತಪ್ಪು ಮಾಡಿ, ಆಮೇಲೆ ಕೂತು ಲೆಕ್ಕ ಹಾಕಿದ ಮನುಷ್ಯ, ಅಷ್ಟೇ.

ಬೆಳ್ಳಿ ಮತ್ತು ಹಾಲನ್ನ

ಬೆಕ್ಕಿನ ಹೆಸರು ಬೆಳ್ಳಿ. ನಾನು ಪುಣೆಗೆ ಬಂದ ಮೊದಲ ಮಳೆಗಾಲದಲ್ಲಿ ಪಾರ್ಕಿಂಗ್‌ನಲ್ಲಿ ನನ್ನ ಬೈಕಿನ ಕೆಳಗೆ ಸಿಕ್ಕಿದ ಬೂದು ಬಣ್ಣದ ಮರಿ. ನನ್ನ ಮದುವೆಗಿಂತ ಹಳಬಳು, ಈ ಊರಲ್ಲಿ ನನ್ನ ಎಲ್ಲಾ ಕೆಲಸಗಳಿಗಿಂತ ಹಳಬಳು. ಅವ್ವ ಮೊದಲ ಸಲ ಬಂದಾಗ ನಾನು ಚೀಲದಿಂದ ಕಾಳು ಅಳೆದು ಹಾಕೋದನ್ನ ನೋಡಿ ನಕ್ಕಿದ್ದಳು. "ನಮ್ಮೂರಾಗ ಬೆಕ್ಕಿಗೆ ಯಾರ ಚೀಲ ತಂದಾರೋ? ಹಾಲನ್ನ ಕಲಸಿ ಹಾಕಿದ್ರ ಹದಿನೈದ್ ವರ್ಷ ಬದುಕ್ತಿದ್ವು."

ಅವ್ವ ಹೇಳಿದ್ದು ಸುಳ್ಳಲ್ಲ. ಆದರೆ ಅದು ಪೂರ್ತಿ ಲೆಕ್ಕ ಅಲ್ಲ. ನಮ್ಮೂರ ಮನೇಲಿ ಜೋಳದ ಚೀಲ ಪೇರಿಸಿಟ್ಟಿರೋ ಕೋಣೆ ಇತ್ತು, ಆ ಕೋಣೆ ತುಂಬ ಇಲಿ. ಹಗಲು ನಮ್ಮ ಕಣ್ಣಿಗೆ ಕಂಡದ್ದು ಹಾಲನ್ನ, ರಾತ್ರಿ ಬೆಕ್ಕು ತಿಂದದ್ದು ಇಲಿ, ಹಲ್ಲಿ, ಗುಬ್ಬಿ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಅಂತ ಒಂದು ಪದಾರ್ಥ ಅದಕ್ಕೆ ಬೇಕು, ಅದರ ಮೈ ಸಾಕಷ್ಟು ತಯಾರಿಸಿಕೊಳ್ಳಲ್ಲ, ಸಿಗೋದು ಮಾಂಸದಿಂದಲೇ. ಟಾರಿನ್ ಕೊರತೆಯಾದ್ರೆ ಬೆಕ್ಕಿನ ಹೃದಯದ ಸ್ನಾಯು ಸೋಲುತ್ತೆ ಅಂತ 1987ರಲ್ಲಿ ಅಮೆರಿಕದ ಡೇವಿಸ್ ವಿಶ್ವವಿದ್ಯಾಲಯದ ವೈದ್ಯರು ತೋರಿಸಿಕೊಟ್ಟರು. ಆಗ ಆ ಬೆಕ್ಕುಗಳು ತಿಂತಿದ್ದದ್ದು ಕಂಪನಿಗಳು ಮಾಡಿದ ಆಹಾರವನ್ನೇ. ಆಮೇಲೆ ತಯಾರಕರು ಟಾರಿನ್ ಹೆಚ್ಚಿಸಿದರು, ಆ ಕಾಯಿಲೆ ಬಹಳ ಕಡಿಮೆಯಾಯ್ತು.

ನಮ್ಮ ಒಂಬತ್ತನೇ ಮಹಡಿಯಲ್ಲಿ ಇಲಿ ಇಲ್ಲ. ಬೆಳ್ಳಿಗೆ ನಾವು ಬಟ್ಟಲಿಗೆ ಹಾಕಿದ್ದೇ ಪೂರ್ತಿ ಪ್ರಪಂಚ. ಸಸ್ಯಾಹಾರಿ ಮನೆಗಳಿಂದ ಬಂದ ನಮ್ಮಂಥ ಎಷ್ಟೋ ಜನಕ್ಕೆ ಒಣ ಕಾಳು ಅನುಕೂಲ ಆಗಿರೋದೂ ಅದಕ್ಕೇ. ಅಡುಗೆಮನೇಲಿ ಮಾಂಸ ಬೇಯಿಸಬೇಕಾಗಿಲ್ಲ, ಬೆಳಿಗ್ಗೆ ಹಾಕಿ ಆಫೀಸಿಗೆ ಹೋದ್ರೆ ಸಂಜೆವರೆಗೆ ಕೆಡಲ್ಲ.

ಚೀಲದ ಮೇಲಿನ ಎರಡು ಪದ

ಈಗ ನನ್ನ ತಪ್ಪಿಗೆ ಬರ್ತೀನಿ. ಬೆಳ್ಳಿಗೆ ಹನ್ನೊಂದು ತುಂಬಿದಾಗ 4.6 ಕಿಲೋ ಇದ್ದಳು, ಹೊಟ್ಟೆ ಸ್ವಲ್ಪ ಜೋತಿತ್ತು. ಆನ್‌ಲೈನ್ ಸೇಲ್‌ನಲ್ಲಿ 'ಇಂಡೋರ್' ಅಂತ ಬರೆದಿದ್ದ ದೊಡ್ಡ ಚೀಲ ಕಂಡಿತು. ಮನೆಯೊಳಗಿನ ಬೆಕ್ಕು, ಮನೆಯೊಳಗಿನ ಫುಡ್ಡು, ಸರಿಯಾಯ್ತಲ್ಲ ಅಂದ್ಕೊಂಡೆ.

ಇಂಡೋರ್ ಅಂದ್ರೆ ಸಾಮಾನ್ಯವಾಗಿ ಏನು ಮಾಡಿರ್ತಾರೆ? ಬೆಕ್ಕು ಓಡಾಡಲ್ಲ, ದಪ್ಪ ಆಗುತ್ತೆ, ಕೂದಲುಂಡೆ ವಾಂತಿ ಮಾಡುತ್ತೆ ಅಂತ ಕೊಬ್ಬು ಇಳಿಸಿ ನಾರು ಏರಿಸಿರ್ತಾರೆ. ಐದು ವರ್ಷದ ಗುಂಡು ಬೆಕ್ಕಿಗೆ ಅದು ಸರಿಯೇ ಇರಬಹುದು. ಆದರೆ ಬೆಕ್ಕಿನ ಮುಪ್ಪು ನಾವು ಅಂದ್ಕೊಂಡ ಹಾಗೆ ಬರಲ್ಲ. ನಡುವಯಸ್ಸಲ್ಲಿ ಬೆಕ್ಕು ದಪ್ಪ ಆಗುತ್ತೆ, ಹನ್ನೊಂದು ಹನ್ನೆರಡು ದಾಟಿದ ಮೇಲೆ ಎಷ್ಟೋ ಬೆಕ್ಕುಗಳು ಬಡಕಲಾಗ್ತವೆ. ತಿಂದ ಕೊಬ್ಬು, ಪ್ರೋಟೀನ್ ಮೊದಲಿನಷ್ಟು ಜೀರ್ಣ ಆಗಲ್ಲ, ಬೆನ್ನಿನ ಸ್ನಾಯು ಕರಗುತ್ತೆ. ಕಡಿಮೆ ಕ್ಯಾಲರಿ ಕೊಡ್ತಾ ಹೋಗಬೇಕು ಅನ್ನೋ ಊಹೆ ಅಲ್ಲಿಗೆ ತಿರುಗಿಬೀಳುತ್ತೆ.

ಹಾಗಾದ್ರೆ 'ಸೀನಿಯರ್' ಚೀಲ ತಗೊಂಡ್ರಾಯ್ತು ಅಂತೀರಾ? ಅಮೆರಿಕದಲ್ಲಿ ಪಶು ಆಹಾರದ ಮಾನದಂಡ ಬರೆಯೋ ಸಂಘ ಇದೆ, ಆಫ್ಕೋ ಅಂತ. ನಮ್ಮಲ್ಲಿ ಸಿಗೋ ಎಷ್ಟೋ ಚೀಲಗಳ ಹಿಂಬದಿಯಲ್ಲೂ ಆ ಹೆಸರು ಇರುತ್ತೆ. ಅವರ ಪಟ್ಟಿಯಲ್ಲಿ ಮರಿಗಳಿಗೆ ಮತ್ತು ಬಸುರಿ ಬೆಕ್ಕುಗಳಿಗೆ ಒಂದು ಮಟ್ಟ, ದೊಡ್ಡ ಬೆಕ್ಕಿಗೆ ಒಂದು ಮಟ್ಟ. ಮುದಿ ಬೆಕ್ಕಿಗೆ ಅಂತ ಬೇರೆ ಮಟ್ಟವೇ ಇಲ್ಲ. ಅಂದ್ರೆ ಒಂದು ಕಂಪನಿಯ ಸೀನಿಯರ್ ಚೀಲದಲ್ಲಿ ಪ್ರೋಟೀನ್ ಹೆಚ್ಚಿರಬಹುದು, ಇನ್ನೊಂದರಲ್ಲಿ ಕಡಿಮೆ ಇರಬಹುದು. ಮುಂಭಾಗದ ಪದ ಏನೂ ಹೇಳಲ್ಲ. ಚೀಲ ತಿರುಗಿಸಬೇಕು.

ಹಿಂಬದಿಯ ಲೆಕ್ಕ

ಹಿಂಬದಿಯಲ್ಲಿ ನಾಲ್ಕು ಅಂಕಿ ಇರ್ತವೆ: ಪ್ರೋಟೀನ್, ಕೊಬ್ಬು, ನಾರು, ತೇವಾಂಶ. ಬೂದಿ, ಅಂದ್ರೆ ಖನಿಜಾಂಶ, ಕೊಟ್ಟಿಲ್ಲ ಅಂದ್ರೆ 8 ಅಂತ ಹಿಡೀರಿ. ಎಲ್ಲಾ ಕೂಡಿಸಿ ನೂರರಿಂದ ಕಳೆದ್ರೆ ಉಳಿಯೋದು ಪಿಷ್ಟ.

ಬೆಳ್ಳಿಯ ಇಂಡೋರ್ ಚೀಲ: ಪ್ರೋಟೀನ್ 30, ಕೊಬ್ಬು 10, ನಾರು 6, ತೇವ 10, ಬೂದಿ 8. ಒಟ್ಟು 64. ಪಿಷ್ಟ 36. ಈಗ ಶಕ್ತಿ. ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಂಗೆ 3.5 ಕಿಲೋಕ್ಯಾಲರಿ, ಕೊಬ್ಬಿಗೆ 8.5. ಗುಣಿಸಿ ಕೂಡಿದ್ರೆ 100 ಗ್ರಾಂ ಕಾಳಿಗೆ 316.

ಬೆಕ್ಕಿಗೆ ಎಷ್ಟು ಬೇಕು? ಸುಮ್ಮನೆ ಮಲಗಿದ್ರೂ ಬೇಕಾದ ಶಕ್ತಿಗೆ ವೆಟ್‌ಗಳು ಬಳಸೋ ಸೂತ್ರ: ತೂಕದ 0.75 ಘಾತ, ಗುಣಿಸು 70. ಫೋನ್ ಕ್ಯಾಲ್ಕುಲೇಟರ್‌ನಲ್ಲಿ ಸುಲಭ ದಾರಿ ಇದೆ. ತೂಕವನ್ನ ಮೂರು ಸಲ ಗುಣಿಸಿ, ಎರಡು ಸಲ ವರ್ಗಮೂಲ ಒತ್ತಿ. ನಾಲ್ಕು ಕಿಲೋ ಬೆಕ್ಕಿಗೆ 64, ಅದರ ಮೂಲ 8, ಅದರ ಮೂಲ 2.83. ಗುಣಿಸು 70 ಅಂದ್ರೆ 198. ಬೆಳ್ಳಿಯ 4.6 ಕಿಲೋಗೆ 220 ಬರುತ್ತೆ.

ಅವಳು ದಿನಕ್ಕೆ ತಿಂತಿದ್ದದ್ದು ಸುಮಾರು 55 ಗ್ರಾಂ. ಅದರಿಂದ ಸಿಕ್ಕಿದ್ದು 174 ಕಿಲೋಕ್ಯಾಲರಿ. ಬಟ್ಟಲು ದಿನಾ ಖಾಲಿ ಆಗ್ತಿತ್ತು, ನಾವು ನೆಮ್ಮದಿಯಾಗಿದ್ವಿ. ಮಲಗಿ ಉಸಿರಾಡೋಕೆ ಬೇಕಾದಷ್ಟೂ ಅವಳಿಗೆ ಸಿಗ್ತಿರಲಿಲ್ಲ. ವರ್ಷದಲ್ಲಿ 4.6 ಹೋಗಿ 3.8 ಆಯ್ತು. 70 ಕಿಲೋ ಮನುಷ್ಯನಿಗೆ ಹೋಲಿಸಿದ್ರೆ 12 ಕಿಲೋ ಇಳಿದ ಹಾಗೆ. ನಮ್ಮಪ್ಪ ವರ್ಷದಲ್ಲಿ 12 ಕಿಲೋ ಇಳಿದಿದ್ರೆ ನಾನು ಫೋಟೋ ಹಾಕ್ತಿದ್ನಾ?

ಇನ್ನೊಂದು ಚೀಲ ಹೋಲಿಸಿ: ಪ್ರೋಟೀನ್ 36, ಕೊಬ್ಬು 16, ನಾರು 3, ತೇವ 8, ಬೂದಿ 8. ಪಿಷ್ಟ 29. 100 ಗ್ರಾಂಗೆ 364. ಅದೇ 55 ಗ್ರಾಂನಲ್ಲಿ 200 ಸಿಗುತ್ತೆ. ಹಸಿವು ಕಡಿಮೆಯಾದ ಮುದಿ ಬೆಕ್ಕಿಗೆ ಇದು ದೊಡ್ಡ ವ್ಯತ್ಯಾಸ.

ಎರಡು ಎಚ್ಚರಿಕೆ. ಒಂದು, ಚೀಲದ ಮೇಲಿನ 'ಕ್ರೂಡ್ ಪ್ರೋಟೀನ್' ಅಂದ್ರೆ ಸಾರಜನಕ ಅಳೆದು 6.25ರಿಂದ ಗುಣಿಸಿದ ಅಂಕಿ. ಅದು ಕೋಳಿಯಿಂದ ಬಂತಾ, ಸೋಯಾದಿಂದ ಬಂತಾ ಅಂತ ಹೇಳಲ್ಲ. ಅದಕ್ಕೆ ಪದಾರ್ಥಗಳ ಪಟ್ಟಿ ನೋಡಿ, ತೂಕದಲ್ಲಿ ಹೆಚ್ಚಿರೋದು ಮೊದಲು ಬರುತ್ತೆ. ಎರಡು, ಒದ್ದೆ ಆಹಾರದ ಅಂಕಿ ನೋಡಿ ಮೋಸ ಹೋಗಬೇಡಿ. ಅದರಲ್ಲಿ 80 ಪರ್ಸೆಂಟ್ ನೀರು, ಪ್ರೋಟೀನ್ 9 ಅಂತ ಇದ್ರೆ ಒಣ ಲೆಕ್ಕದಲ್ಲಿ ಅದು 45.

ಕಿಡ್ನಿ ಅನ್ನೋ ಲೆಕ್ಕ

ಕ್ಯಾಲರಿ ಒಂದೇ ಕಾರಣ ಆಗಿದ್ರೆ ನನ್ನ ಮಾತು ಇಲ್ಲಿಗೆ ಮುಗೀತಿತ್ತು. ಆಗಿರಲಿಲ್ಲ.

ಒಂದು ಭಾನುವಾರ ನನ್ನ ಹೆಂಡ್ತಿ ಮರಳಿನ ತಟ್ಟೆ ಬಳೀತಾ, "ಇವಳ ಉಂಡೆ ಯಾಕೆ ಇಷ್ಟು ದೊಡ್ಡ ಆಗ್ತಿದಾವೆ?" ಅಂದಳು. ಮೂತ್ರಕ್ಕೆ ಮರಳು ಗಟ್ಟಿಯಾಗುತ್ತಲ್ಲ, ಆ ಉಂಡೆ. ದಿನಕ್ಕೆ ಎರಡು ಮೂರು ಇದ್ದದ್ದು ಐದಾರು ಆಗಿತ್ತು, ನೀರಿನ ಬಟ್ಟಲೂ ಬೇಗ ಖಾಲಿ ಆಗ್ತಿತ್ತು. ವೆಟ್ ಹತ್ರ ಕರ್ಕೊಂಡು ಹೋದ್ವಿ. ಕ್ರಿಯಾಟಿನಿನ್ 2.1. ಮೂತ್ರ ಪರೀಕ್ಷೇನೂ ಅದನ್ನೇ ಹೇಳಿತು. ಕಿಡ್ನಿ ಕಾಯಿಲೆ, ಎರಡನೇ ಹಂತ.

ಬೆಕ್ಕಿನ ಕಿಡ್ನಿ ಸದ್ದಿಲ್ಲದೆ ಸೋಲುತ್ತೆ. ಸುಮಾರು ಮೂರರಲ್ಲಿ ಎರಡು ಭಾಗ ಕೆಲಸ ನಿಂತ ಮೇಲೆ ಮೂತ್ರ ನೀರಾಗುತ್ತೆ, ಮುಕ್ಕಾಲು ಭಾಗ ಹೋದ ಮೇಲೆ ಕ್ರಿಯಾಟಿನಿನ್ ಏರುತ್ತೆ. ಆದರೆ ತೂಕ ಅದಕ್ಕೂ ಮೊದಲೇ ಇಳಿಯೋಕೆ ಶುರು ಮಾಡಿರುತ್ತೆ. ನನ್ನ ಅಲರ್ಟ್ ಬಂದಿತ್ತು. ನಾನು ಅದನ್ನ ಡಯಟ್ ಅಂತ ಓದಿದ್ದೆ.

ಇಲ್ಲಿ ಆಹಾರದ ಆಯ್ಕೆ ಪೂರ್ತಿ ಬದಲಾಗುತ್ತೆ. ಕಿಡ್ನಿ ಕಾಯಿಲೆ ಇರೋ ಬೆಕ್ಕಿಗೆ ಮೊದಲ ಶತ್ರು ರಂಜಕ, ಅಂದ್ರೆ ಫಾಸ್ಫರಸ್. ಅದು ಎಷ್ಟೋ ಚೀಲಗಳ ಮೇಲೆ ಇರೋದೇ ಇಲ್ಲ. ಕಂಪನಿಗೆ ಮೇಲ್ ಹಾಕಿ, "1000 ಕಿಲೋಕ್ಯಾಲರಿಗೆ ಎಷ್ಟು ಗ್ರಾಂ ಫಾಸ್ಫರಸ್" ಅಂತ ಕೇಳಿ. ವೆಟ್ ಬರೆದುಕೊಡೋ ಕಿಡ್ನಿ ಆಹಾರದಲ್ಲಿ ಫಾಸ್ಫರಸ್ ಇಳಿಸಿ, ಪ್ರೋಟೀನನ್ನ ಹದವಾಗಿಟ್ಟು, ಕೊಬ್ಬಿನಿಂದ ಕ್ಯಾಲರಿ ತುಂಬಿರ್ತಾರೆ.

ಹಾಗಂತ "ಮುಂಜಾಗ್ರತೆಗೆ ಇರಲಿ" ಅಂತ ಆರೋಗ್ಯವಾಗಿರೋ ಮುದಿ ಬೆಕ್ಕಿಗೆ ಅದನ್ನೇ ಹಾಕಬೇಡಿ. ಪ್ರೋಟೀನ್ ಸುಮ್ಮನೆ ಇಳಿಸಿದ್ರೆ ಸ್ನಾಯು ಇನ್ನಷ್ಟು ಕರಗುತ್ತೆ. ಥೈರಾಯ್ಡ್ ಜಾಸ್ತಿಯಾದ ಬೆಕ್ಕು ಸಿಕ್ಕಾಪಟ್ಟೆ ತಿಂದೂ ಇಳಿಯುತ್ತೆ, ಸಕ್ಕರೆ ಕಾಯಿಲೆಯ ಬೆಕ್ಕೂ ನೀರು ಜಾಸ್ತಿ ಕುಡಿಯುತ್ತೆ, ಹಲ್ಲು ನೋವಿದ್ರೆ ಕಾಳು ಬಾಯಿಂದ ಬೀಳಿಸುತ್ತೆ. ಹೊರಗಿಂದ ನೋಡೋಕೆ ಎಲ್ಲಾ ಒಂದೇ, "ವಯಸ್ಸಾಯ್ತು". ಔಷಧ, ಆಹಾರ ಬೇರೆ ಬೇರೆ. ಅದಕ್ಕೇ ಹತ್ತು ದಾಟಿದ ಬೆಕ್ಕಿಗೆ ಚೀಲ ಬದಲಿಸೋ ಮೊದಲು ಒಂದು ಸಲ ರಕ್ತ, ಮೂತ್ರ ಪರೀಕ್ಷೆ.

ಮತ್ತೆ ನೀರು. ಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು, ಒಣ ಪ್ರದೇಶದ ಪ್ರಾಣಿ. ಅದಕ್ಕೆ ಬಾಯಾರಿಕೆ ಕಡಿಮೆ, ಬೇಟೆಯ ಮೈಯಿಂದಲೇ ನೀರು ಸಿಗ್ತಿತ್ತು. ಇಲಿಯ ಮೈಯಲ್ಲಿ ಸುಮಾರು 70 ಪರ್ಸೆಂಟ್ ನೀರು, ನಮ್ಮ ಕಾಳಿನಲ್ಲಿ 10. ಅದಕ್ಕೆ ನಾವು ಈಗ ರಾತ್ರಿಯ ಊಟಕ್ಕೆ ಕಾಳನ್ನ ಬೆಚ್ಚಗಿನ ನೀರಲ್ಲಿ ನೆನೆಸಿ ಕೊಡ್ತೀವಿ. ವಾಸನೆ ಏಳುತ್ತೆ, ಮೂಗು ಮಂದವಾದ ಬೆಕ್ಕೂ ಬರುತ್ತೆ. ನೆನೆಸಿದ್ದನ್ನ ಗಂಟೆಯೊಳಗೆ ತೆಗೀತೀವಿ. ಮನೇಲಿ ಮೂರು ಕಡೆ ನೀರು ಇಟ್ಟಿದೀವಿ.

ಬದಲಿಸೋದು, ಕೊಳ್ಳೋದು

ಹೊಸ ಕಾಳನ್ನ ಒಂದೇ ದಿನ ಬದಲಿಸಬೇಡಿ. ಕಾಲು ಭಾಗ ಹೊಸದು, ಮುಕ್ಕಾಲು ಹಳೇದು, ಹೀಗೆ ಏರಿಸ್ತಾ ಏಳರಿಂದ ಹತ್ತು ದಿನ. ಬೆಳ್ಳಿಗೆ ನಾಲ್ಕು ವಾರ ಹಿಡೀತು. "ಹಸಿವಾದ್ರೆ ತಾನೇ ತಿನ್ನುತ್ತೆ" ಅನ್ನೋ ಮಾತು ಬೆಕ್ಕಿಗೆ ಅಪಾಯ. ಎರಡು ಮೂರು ದಿನ ಉಪವಾಸ ಬಿದ್ರೆ ಮೈಯ ಕೊಬ್ಬು ಲಿವರ್‌ಗೆ ಹರಿದು ಪ್ರಾಣಕ್ಕೇ ಬರುತ್ತೆ. ಒಂದು ಪೂರ್ತಿ ದಿನ ಮುಟ್ಟಲಿಲ್ಲ ಅಂದ್ರೆ ವೆಟ್‌ಗೆ ಫೋನ್ ಮಾಡಿ.

ಸೇಲ್‌ನಲ್ಲಿ 7 ಕಿಲೋ ಚೀಲ ಅಗ್ಗ ಅನ್ಸುತ್ತೆ. ದಿನಕ್ಕೆ 55 ಗ್ರಾಂ ಅಂದ್ರೆ ಅದು ನಾಲ್ಕು ತಿಂಗಳು. ತೆರೆದಿಟ್ಟ ಕೊಬ್ಬು ಕಮಟು ವಾಸನೆ ಹಿಡಿಯುತ್ತೆ, ನಮ್ಮ ಪುಣೆ, ಮುಂಬಯಿ ಮಳೆಗಾಲದಲ್ಲಂತೂ ಕೇಳೋದೇ ಬೇಡ. ತಿಂಗಳಲ್ಲಿ ಮುಗಿಯೋ ಸಣ್ಣ ಚೀಲ ತಗೊಳ್ಳಿ, ಅದೇ ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬಿಯೊಳಗಿಡಿ. ಬಿಡಿಯಾಗಿ ತೂಗಿ ಕೊಡೋ ಕಾಳು ಬೇಡ. ತಾರೀಖೂ ಇರಲ್ಲ, ಪಟ್ಟಿಯೂ ಇರಲ್ಲ.

ಬೆಳ್ಳಿಗೆ ಈಗ ಹದಿನಾಲ್ಕು. ವೆಟ್ ಬರೆದುಕೊಟ್ಟ ಆಹಾರದಲ್ಲಿ 4.1 ಕಿಲೋಗೆ ಬಂದಿದ್ದಾಳೆ. ಕಾಯಿಲೆ ವಾಸಿ ಆಗಲ್ಲ, ನಿಧಾನ ಆಗಿದೆ ಅಷ್ಟೇ. ಆ ಒಂದು ವರ್ಷ ಮೊದಲೇ ಹೋಗಿದ್ರೆ ಇನ್ನಷ್ಟು ಕಿಡ್ನಿ ಉಳೀತಿತ್ತಾ? ಈ ಪ್ರಶ್ನೆ ನನ್ನ ಜೊತೆಗೇ ಇರುತ್ತೆ.

ಪ್ರತಿ ಭಾನುವಾರ ಬೆಳಿಗ್ಗೆ ಒಂದು ಪ್ಲಾಸ್ಟಿಕ್ ಟಬ್, ಅಡುಗೆಮನೆಯ 10 ಕಿಲೋ ತೂಕದ ಮಷೀನು, ಒಳಗೆ ಬೆಳ್ಳಿ. ನಾವು ಎತ್ಕೊಂಡು ನಿಲ್ಲೋ ಮಷೀನು ಬೇಡ, ಅದರಲ್ಲಿ 100, 200 ಗ್ರಾಂ ಕಳೆದುಹೋಗುತ್ತೆ, ನಮಗೆ ಬೇಕಾದದ್ದು ಆ 100 ಗ್ರಾಂ. ಅಂಕಿ ಬರೆದಿಡ್ತೀನಿ. ಆರು ತಿಂಗಳಲ್ಲಿ 5 ಪರ್ಸೆಂಟ್ ಇಳಿದ್ರೆ, ನಾಲ್ಕು ಕಿಲೋ ಬೆಕ್ಕಿಗೆ 200 ಗ್ರಾಂ ಅದು, ಕಾಯಲ್ಲ, ಹೊರಟೆ.

ಹೋದ ತಿಂಗಳು ಅವ್ವ ಬಂದಿದ್ದಳು. ತೂಗೋದನ್ನ ನೋಡ್ತಾ ಕೂತಿದ್ದು, "ಕಿರಾಣಿ ಅಂಗಡಿ ಇಟ್ಟಾನ ನೋಡ" ಅಂತ ನಕ್ಕಳು. ಮುಂದಿನ ಭಾನುವಾರ ನಾನು ಎದ್ದು ಬರೋದ್ರೊಳಗೆ ಟಬ್ ತಂದು ಇಟ್ಟಿದ್ದಳು. "ಲಗೂ ತೂಗು, ಅದಕ್ಕ ಹಸಿವಾಗೇತಿ" ಅಂದಳು.

ನಿಮ್ಮ ಮನೇಲಿ ಹತ್ತು ದಾಟಿದ ಬೆಕ್ಕಿದ್ರೆ ಈ ಭಾನುವಾರ ತೂಗಿ ಬರೆದಿಡಿ. ಹೊಸ ಚೀಲದ ಆರ್ಡರ್ ಆಮೇಲೆ ಹಾಕಿದ್ರಾಯ್ತು.